ಮೂರನೆಯ ಮಹಡಿಯಲ್ಲಿ ಉಳಿದ ಡಬ್ಬಿ

ನಮ್ಮ ಯಜಮಾನರು ಚಾಮರಾಜಪೇಟೆಯ ಒಂದು ಕನ್ನಡ ಕ್ರೈಸ್ತ ಸಭೆಯ ಪಾಲಕರು. ಅವರನ್ನು ಎಲ್ಲರೂ ಅಯ್ಯನವರು ಅನ್ನುತ್ತಾರೆ, ಹಾಗಾಗಿ ನಾನು ಅಮ್ಮನವರು. ಈ ಊರಿಗೆ ಬಂದ ಮೇಲೆ ನನ್ನನ್ನು ಯಾರೂ ಹೆಸರು ಹಿಡಿದು ಕರೆದಿಲ್ಲ. ದೇವಾಲಯದ ಕಾಂಪೌಂಡಿನಲ್ಲೇ ವಾಸ. ಮನೆ ಸಭೆಯದು, ಮಂಚ, ಮೇಜು, ಕುರ್ಚಿಗಳೂ ಸಭೆಯವೇ. ವರ್ಗವಾದಾಗ ನಾವು ಕಟ್ಟಿಕೊಂಡು ಹೋಗುವುದು ಬಟ್ಟೆ, ಬೈಬಲು, ಅಡಿಗೆ ಪಾತ್ರೆ, ಅಷ್ಟೇ.

ಪಾಲಕರ ಹೆಂಡತಿಗೆ ಗೆಳತಿ ಇರಬಾರದು ಎಂದು ಎಲ್ಲೂ ಹೇಳಿಲ್ಲ. ಆದರೆ ಒಬ್ಬರ ಮನೆಗೆ ಎರಡು ಸಲ ಹೋದರೆ ಇನ್ನೊಬ್ಬರು ಭಾನುವಾರ ಮುಖ ತಿರುಗಿಸುತ್ತಾರೆ. ಅದಕ್ಕೇ ಕಾಯಿಲೆ, ಹೆರಿಗೆ, ಸಾವು, ಪ್ರಾರ್ಥನೆ, ಇಂಥದ್ದೊಂದು ಕಾರಣವಿಲ್ಲದೆ ನಾನು ಯಾರ ಹೊಸಿಲನ್ನೂ ದಾಟುವುದಿಲ್ಲ. ಸಂಜೆ ಯಜಮಾನರು ಸಭೆಯವರನ್ನು ನೋಡಲು ಹೊರಟು, ಗೇಟು ಹಾಕಿದ ಸದ್ದಾದ ಮೇಲೆ ನನಗೆ ಕೇಳಿಸುವುದು ಫ್ರಿಜ್ಜಿನ ಸದ್ದೊಂದೇ. ಕೃಪೆಗಳನ್ನು ಎಣಿಸುವ ಅಭ್ಯಾಸ ಆ ಹೊತ್ತಿನಲ್ಲೇ ಹತ್ತಿತು. ಇವತ್ತು ನಲ್ಲಿಯಲ್ಲಿ ನೀರು ಬಂತು, ದೇವರಿಗೆ ಸ್ತೋತ್ರ. ಹಾಲು ಒಡೆಯಲಿಲ್ಲ, ಸ್ತೋತ್ರ. ಕೆಲವು ದಿನ ಎಷ್ಟು ಹುಡುಕಿದರೂ ಅದಕ್ಕಿಂತ ಹೆಚ್ಚು ಸಿಗುತ್ತಿರಲಿಲ್ಲ.

ಬರ್ಮಾದ ಬೆಟ್ಟಗಳ ಕಡೆಯಿಂದ ಜೀವ ಉಳಿಸಿಕೊಂಡು ಬಂದ ಕೆಲವು ಕುಟುಂಬಗಳು ನಮ್ಮ ಸಭೆಗೆ ಬರತೊಡಗಿದ ಮೇಲೆ ಕೈಗೆ ಕೆಲಸ ಸಿಕ್ಕಿತು. ಅವರೂ ಕ್ರೈಸ್ತರೇ. ಬೆಳಗ್ಗೆ ನಮ್ಮೊಡನೆ ಹಿಂದಿನ ಬೆಂಚುಗಳಲ್ಲಿ ಕೂರುತ್ತಾರೆ, ಮಧ್ಯಾಹ್ನ ಅವರ ಭಾಷೆಯಲ್ಲಿ ಅವರದೇ ಆರಾಧನೆ. ಯಜಮಾನರು ಅವರಿಗಾಗಿ ಶಾಲೆ, ಆಸ್ಪತ್ರೆ, ಕಚೇರಿ ಅಂತ ಅಲೆದರು. ನಾನು ಕಂಬಳಿ, ಅಕ್ಕಿ, ಸಾರು ಅಂತ ಅಲೆದೆ. ಅವರ ಮನೆಗಳಿಗೆ ನಾನು ಬರಿಗೈಯಲ್ಲಿ ಹೋದದ್ದೇ ಇಲ್ಲ. ಡಬ್ಬಿ ಕೊಡುವುದು, ನಿಂತೇ ಒಂದು ಪ್ರಾರ್ಥನೆ ಮಾಡುವುದು, ಹೊರಡುವುದು.

ಅವರಲ್ಲಿ ಒಬ್ಬರು ನನಗಿಂತ ತುಸು ದೊಡ್ಡವರು. ನಾನು ಅವರನ್ನು ಅಕ್ಕಾ ಅನ್ನುತ್ತೇನೆ. ಗಂಡನಿಗೆ ಹೋಟೆಲಿನ ಅಡಿಗೆಮನೆಯಲ್ಲಿ ಕೆಲಸ. ಬಿನ್ನಿಪೇಟೆಯಲ್ಲಿ ಮೂರನೆಯ ಮಹಡಿಯ ಒಂದೇ ಕೋಣೆಯಲ್ಲಿ ಇಬ್ಬರೂ ಇದ್ದಾರೆ. ತರಕಾರಿ ಗಾಡಿಯವರಿಂದ ಅರ್ಧ, ನನ್ನಿಂದ ಅರ್ಧ ಕನ್ನಡ ಕಲಿತಿದ್ದಾರೆ.

ನಮ್ಮ ಸ್ತ್ರೀಯರ ಕೂಟ ಬುಧವಾರ ಮಧ್ಯಾಹ್ನ ಒಬ್ಬೊಬ್ಬರ ಮನೆಯಲ್ಲಿ ಸರದಿಯಂತೆ ನಡೆಯುತ್ತದೆ. ಪ್ರಾರ್ಥನೆ ಆದ ಮೇಲೆ ಆ ಮನೆಯವರು ತಿಂಡಿ ಕೊಡಬೇಕು. ಒಂದು ಭಾನುವಾರ, ಮುಂದಿನ ಬುಧವಾರ ಯಾರ ಮನೆ ಎಂಬ ಮಾತು ಬಂದಾಗ ಅಕ್ಕ ಎದ್ದು ನಿಂತರು.

“ನಮ್ಮನೆ.”

ಒಬ್ಬರು, “ಪಾಪ, ನಿಮಗ್ಯಾಕಮ್ಮ ತೊಂದ್ರೆ?” ಅಂದರು.

“ತೊಂದರೆ ಇಲ್ಲ. ಎಲ್ಲರ ಮನೆಗೆ ಬಂದೆ, ಎಲ್ಲರ ಮನೇಲಿ ತಿಂದೆ. ನಮ್ಮನೆ ಯಾವಾಗ?”

ಆಗ ನನಗೆ ತಿಳಿಯಿತು. ಆಕೆಗೆ ಬೇಕಾದದ್ದು ನನ್ನ ಅಕ್ಕಿಯಲ್ಲ, ಕಂಬಳಿಯಲ್ಲ. ಈ ಮನೆಗಳ ಸರದಿಯಲ್ಲಿ ತಮ್ಮದೂ ಒಂದು ಮನೆ ಅನ್ನಿಸಿಕೊಳ್ಳಬೇಕಿತ್ತು.

ಕೂಟದಲ್ಲಿ ಎಲ್ಲರಿಗಿಂತ ಹಿರಿಯರಾದ, ರಿಟೈರ್ ಆದ ಟೀಚರೊಬ್ಬರು ತೀರ್ಪು ಕೊಟ್ಟರು. “ಆಯ್ತು, ಬುಧವಾರ ಬಿನ್ನಿಪೇಟೆ. ಲಿಫ್ಟ್ ಇದೆಯೇನಮ್ಮಾ?”

“ಇಲ್ಲ.”

“ಹಂಗಾದ್ರೆ ಕರ್ತನೇ ಕೈ ಹಿಡೀಬೇಕು.”

ಬುಧವಾರ ನಾನು ದೊಡ್ಡ ಸ್ಟೀಲ್ ಡಬ್ಬಿಯ ತುಂಬ ಉಪ್ಪಿಟ್ಟು ಮಾಡಿಕೊಂಡು ಹೋದೆ. ಅಕ್ಕನಿಗೆ ಖರ್ಚಾಗಬಾರದು, ನಮ್ಮವರಿಗೆ ಅವರ ಅಡಿಗೆ ಹಿಡಿಸದಿದ್ದರೆ ಇದಾದರೂ ಇರಲಿ ಎಂದು. ಅಲ್ಲಿ ನೋಡಿದರೆ ನೆಲ ಒರೆಸಿ, ಅಕ್ಕಪಕ್ಕದಿಂದ ತಂದ ಚಾಪೆ ಹಾಸಿ, ಮುಸುಕಿನ ಜೋಳ ಮತ್ತು ಕೋಳಿ ಹಾಕಿದ ಗಂಜಿಯನ್ನು ದೊಡ್ಡ ಪಾತ್ರೆಯ ತುಂಬ ಮಾಡಿಟ್ಟಿದ್ದಾರೆ. ನನ್ನ ಡಬ್ಬಿ ತೆಗೆದುಕೊಂಡು ಶೆಲ್ಫಿನ ಮೇಲಿಟ್ಟರು.

“ಇವತ್ತು ಬೇಡ. ಇವತ್ತು ನೀವು ಕೂತ್ಕೊಳ್ಳಿ.”

ಕೂತೆ. ಬಡಿಸುವ ಕೆಲಸವಿಲ್ಲದೆ ಕೈ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಜನ ಬರಲಿಲ್ಲ. ಮೆಸೇಜುಗಳು ಬಂದವು. ಒಬ್ಬರಿಗೆ ತಲೆನೋವು, ಒಬ್ಬರ ಮನೆಗೆ ನೆಂಟರು, ಇನ್ನೊಬ್ಬರ ಮೊಮ್ಮಗನಿಗೆ ಜ್ವರ. ಮೆಟ್ಟಿಲಲ್ಲಿ ಸದ್ದಾದಾಗಲೆಲ್ಲ ಅಕ್ಕ ಎದ್ದು ಬಾಗಿಲಿಗೆ ಹೋಗುತ್ತಿದ್ದರು. ಪಕ್ಕದ ಕೋಣೆಯವರು ಹಾದುಹೋಗುತ್ತಿದ್ದರು. ಕೊನೆಗೆ ಟೀಚರ್ ಒಬ್ಬರೇ ಮಂಡಿ ಹಿಡಿದುಕೊಂಡು ಒಳಗೆ ಬಂದರು.

“ಏನಮ್ಮಾ, ಸೀದಾ ಪರಲೋಕಕ್ಕೇ ಹತ್ತಿಸಿಬಿಟ್ಟೆಯಲ್ಲ?”

ಮೂವರೇ ಹಾಡಿದೆವು, ಮೂವರೇ ಪ್ರಾರ್ಥಿಸಿದೆವು. ಗಂಜಿ ಬಾಯಿಗಿಟ್ಟು ಟೀಚರ್, “ಖಾರ ಇಲ್ಲ, ಹುಳಿ ಇಲ್ಲ. ಆದ್ರೂ ಏನೋ ಇದೆ ಕಣ್ರೀ. ಇನ್ನೊಂದು ಸೌಟು ಹಾಕು” ಅಂದರು. ಅಕ್ಕ ನಕ್ಕರು. ಪಾತ್ರೆ ಮಾತ್ರ ತುಂಬಿಯೇ ಇತ್ತು.

ಅಷ್ಟಾದ ಮೇಲೆ ಅಕ್ಕ ಮನೆಯಲ್ಲಿದ್ದ ಬೋಗುಣಿ, ಡಬ್ಬಿ, ಚಿಕ್ಕ ಪಾತ್ರೆಗಳನ್ನೆಲ್ಲ ಕೆಳಗಿಟ್ಟು ಗಂಜಿ ತುಂಬತೊಡಗಿದರು. “ಪ್ರೇಯರ್ ಊಟ ಮನೇಲಿ ಉಳೀಬಾರ್ದು. ನಮ್ಮೂರಲ್ಲಿ ಬರದೇ ಇದ್ದೋರ ಮನೆಗೆ ನಾವೇ ತಗೊಂಡು ಹೋಗ್ತೀವಿ.”

“ಬೈಯೋಕಾ?” ಎಂದರು ಟೀಚರ್.

“ಅಲ್ಲ. ಹುಷಾರಿಲ್ಲ ಏನೋ, ನೋಡೋಕೆ.”

“ಅಕ್ಕಾ, ಇರೋ ಪಾತ್ರೆ ಎಲ್ಲಾ ಕೊಟ್ಟುಬಿಟ್ರೆ ರಾತ್ರಿಗೆ ಏನ್ ಮಾಡ್ತೀರಿ?” ಎಂದೆ ನಾನು.

ಶೆಲ್ಫಿನ ಕಡೆ ಕೈ ತೋರಿಸಿದರು. “ನಿಮ್ಮ ಉಪ್ಪಿಟ್ಟು ಇದೆ.”

ಆಟೋದಲ್ಲಿ ಮಡಿಲ ತುಂಬ ಪಾತ್ರೆ ಇಟ್ಟುಕೊಂಡು ಚಾಮರಾಜಪೇಟೆಗೆ ಬಂದೆವು. ಜ್ವರ ಬಂದಿದ್ದ ಮೊಮ್ಮಗ ಮನೆ ಮುಂದೆ ಬ್ಯಾಟು ಬೀಸುತ್ತಿದ್ದ. ಅಜ್ಜಿ ಬಾಗಿಲಿಗೆ ಬಂದವರು ನಮ್ಮನ್ನು ನೋಡಿ ಅಲ್ಲೇ ನಿಂತುಬಿಟ್ಟರು. ಅಕ್ಕ ಮಗುವಿನ ಹಣೆ ಮುಟ್ಟಿ ನೋಡಿ, “ಜ್ವರ ಹೋಯ್ತು, ಸ್ತೋತ್ರ” ಎಂದು ಬೋಗುಣಿ ಅಜ್ಜಿಯ ಕೈಗಿಟ್ಟರು. ಆ ಮಾತಿನಲ್ಲಿ ಕೊಂಕಿರಲಿಲ್ಲ, ನಿಜವಾಗಿಯೂ ನಂಬಿದ್ದರು. ಮಿಕ್ಕವರೂ ಗೇಟಿನಲ್ಲೇ ತೆಗೆದುಕೊಂಡರು. “ಅಯ್ಯೋ, ಇದೆಲ್ಲಾ ಯಾಕೆ?” ಎಂದರೇ ಹೊರತು ಒಳಗೆ ಬನ್ನಿ ಅಂದವರಿಲ್ಲ. ಕೊನೆಯ ಮನೆಯಾದ ಮೇಲೆ ಅಕ್ಕ ಖಾಲಿ ಚೀಲ ಮಡಿಸಿಕೊಂಡು ಬಿನ್ನಿಪೇಟೆಯ ಕಡೆ ನಡೆದುಹೋದರು.

ಎರಡು ದಿನ ನನಗೆ ಅದೇ ಯೋಚನೆ. ಪಾತ್ರೆ ಹಿಂದಿರುಗಿಸಿ ಎಂದು ಫೋನು ಮಾಡೋಣವೆಂದರೆ, ಅಮ್ಮನವರು ಹೇಳಿದರೆ ಅದು ಅಪ್ಪಣೆಯಾಗುತ್ತದೆ. ಮಾಡಲಿಲ್ಲ. ಪ್ರಾರ್ಥನೆಯಲ್ಲಿ ಪಾತ್ರೆಗಳ ಹೆಸರು ಹೇಳಿ ಬೇಡಿಕೊಂಡೆ. ದೇವರಿಗೆ ಬೋಗುಣಿ ಯಾವುದು, ಡಬ್ಬಿ ಯಾವುದು ಎಂದು ಗೊತ್ತಿರಲಿ ಎಂದು.

ಶುಕ್ರವಾರ ಸಂಜೆ ಟೀಚರ್ ಬಂದು ಸುದ್ದಿ ಹೇಳಿದರು. ನಮ್ಮ ಕಡೆಯ ಹೆಂಗಸರು ಏನು ಬೇಕಾದರೂ ಮಾಡಿಯಾರು, ಬೇರೆಯವರ ಪಾತ್ರೆಯನ್ನು ಖಾಲಿ ಹಿಂದಿರುಗಿಸಲಾರರು. ಮೊದಲು ಹೋದದ್ದು ಆ ಅಜ್ಜಿಯೇ, ಬೋಗುಣಿ ತುಂಬ ಕೋಡುಬಳೆ. ಆಮೇಲೆ ಚಿತ್ರಾನ್ನ, ರವೆ ಉಂಡೆ. ಏನೂ ಮಾಡಲಾಗದವರು ಒಂದು ಹಿಡಿ ಸಕ್ಕರೆಯಾದರೂ ಹಾಕಿದ್ದರು.

“ಪ್ರಾರ್ಥನೆಗೆ ಹತ್ತದ ಮಂಡಿ, ಪಾತ್ರೆ ಕೊಡೋಕೆ ಹತ್ತಿದ್ವು ನೋಡಿ ಅಮ್ಮನವ್ರೆ! ಕೂತು ಟೀ ಕುಡಿದೇ ಬಂದ್ರಂತೆ.”

ನನಗೆ ಕಣ್ಣು ತುಂಬಿತು. ಟೀಚರ್ ಹೋದ ಮೇಲೆ ಗೇಟಿನ ಸದ್ದು, ಮತ್ತೆ ಫ್ರಿಜ್ಜಿನ ಸದ್ದು. ಇಬ್ಬರು ಮೂವರು ಜೊತೆ ಮಾಡಿಕೊಂಡು ಹೋಗಿದ್ದರಂತೆ. ನೀವೂ ಬನ್ನಿ ಎಂದು ನನ್ನನ್ನು ಯಾರೂ ಕರೆದಿರಲಿಲ್ಲ. ಕರೆಯಬೇಕೆಂದು ಅವರಿಗೆ ಹೊಳೆದಿರಲಾರದು. ಅಮ್ಮನವರು ಹೋಗಿಯೇ ಇರುತ್ತಾರೆ ಅಂದುಕೊಂಡಿರಬೇಕು.

ಭಾನುವಾರ ಆರಾಧನೆ ಮುಗಿದ ಮೇಲೆ ಅಕ್ಕ ಬರಿಗೈಯಲ್ಲಿ ನನ್ನ ಹತ್ತಿರ ಬಂದರು.

“ನಿಮ್ಮ ಡಬ್ಬಿ ಕೊಡಲ್ಲ.”

“ಯಾಕಕ್ಕಾ?”

“ತಂದು ಕೊಟ್ರೆ ನೀವು ಇನ್ನೊಂದು ತರ್ತೀರಿ. ಕೂತ್ಕೊಳ್ಳಲ್ಲ. ನೀವೇ ಬಂದು ತಗೊಳ್ಳಿ.”

ಈಗ ಅವರ ಮನೆಗೆ ಹೋಗಲು ನನಗೊಂದು ಕಾರಣವಿದೆ. ಗೇಟಿನಲ್ಲಿ ಯಾರಾದರೂ “ಎಲ್ಲಿಗೆ ಹೊರಟ್ರಿ ಅಮ್ಮನವ್ರೆ?” ಎಂದರೆ, “ಡಬ್ಬಿ ತರೋಕೆ” ಅನ್ನುತ್ತೇನೆ. ಬರಿಗೈಯಲ್ಲಿ ಹೋಗುತ್ತೇನೆ. ಕೂರುತ್ತೇನೆ. ಅಕ್ಕ ಏನಾದರೂ ಬಡಿಸುತ್ತಾರೆ, ತಿನ್ನುತ್ತೇನೆ. ಡಬ್ಬಿ ಶೆಲ್ಫಿನ ಮೇಲೆ ತೊಳೆದು ಬೋರಲು ಹಾಕಿರುತ್ತದೆ. ಇಬ್ಬರೂ ಅದರ ಮಾತೆತ್ತುವುದಿಲ್ಲ.

ಈ ಬೇಸಿಗೆಗೆ ನಮಗೆ ವರ್ಗವಾಗಬಹುದು ಎನ್ನುತ್ತಿದ್ದಾರೆ. ಮೊನ್ನೆ ಯಜಮಾನರು ಪಾತ್ರೆ ಜೋಡಿಸುತ್ತಾ, “ಆ ದೊಡ್ಡ ಡಬ್ಬಿ ಎಲ್ಲೇ?” ಅಂದರು.

“ಬಿನ್ನಿಪೇಟೇಲಿದೆ. ತರ್ತೀನಿ.”

“ಹೋದ ವಾರಾನೂ ಇದನ್ನೇ ಅಂದೆ.”

“ಹೂಂ” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೆ.