ಡ್ಯಾನ್ಯೂಬಿಗೆ ಹೆಸರಿಟ್ಟವರು

ಅವರ ಬಲಗೈ ಹೆಬ್ಬೆರಳು ಅಗಲವಾಗಿತ್ತು. ಉಗುರಿನ ಸಂದಿಯಲ್ಲಿ ಸದಾ ನೀಲಿ ಶಾಯಿ. ಯುರೋಪಿನ ಭೂಪಟ ಬಿಡಿಸಿ ಆ ಬೆರಳನ್ನು ಕಪ್ಪು ಸಮುದ್ರದ ದಡದಲ್ಲಿಟ್ಟರೆಂದರೆ, ಒಂದೊಂದೇ ನದಿಯನ್ನು ಅದರ ಮೂಲದವರೆಗೂ ಹಿಂಬಾಲಿಸುತ್ತಿದ್ದರು.

ತೊಂಬತ್ತರ ದಶಕದಲ್ಲಿ ನಾನು ಮದುವೆಯಾಗಿ ದೋಹಾಕ್ಕೆ ಹೋದಾಗ, ಮದೀನತ್ ಖಲೀಫಾ ಬಡಾವಣೆಯ ವಿಲ್ಲಾದಲ್ಲಿ ನಮ್ಮ ಮೇಲ್ಮಹಡಿಯಲ್ಲಿದ್ದವರು ಅವರು. ಉಡುಪಿ ಕಡೆಯವರು, ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದರು. ಎಲ್ಲರಿಗೂ 'ಟೀಚರ್'. ಎಂ.ಎ. ಅರ್ಧಕ್ಕೆ ಬಿಟ್ಟು ಬಂದಿದ್ದ ನನ್ನನ್ನು ಚಹಾಕ್ಕೆ ಕರೆದು ಡಾನ್, ದ್ನೀಪರ್, ದ್ನೀಸ್ಟರ್, ಡ್ಯಾನ್ಯೂಬ್ ಎಂದು ಓದಿಸಿದರು. "ಎಲ್ಲದರೊಳಗೂ ಒಂದೇ ಶಬ್ದ, ಕೇಳಿತಾ? ದಾನು. ನಮ್ಮ ವೇದದಲ್ಲೂ ಉಂಟು. ಅಂದ್ರೆ ಹರಿಯುವ ನೀರು."

ಒಂದು ಶುಕ್ರವಾರ ನಮ್ಮ ಕನ್ನಡಿಗರ ಕೂಟದಲ್ಲಿ ಮುಖಂಡರೊಬ್ಬರು ಭಾಷಣ ಮಾಡಿದರು. ನಮ್ಮ ಪೂರ್ವಜರೇ ಹೋಗಿ ಆ ನದಿಗಳಿಗೆ ಸಂಸ್ಕೃತದ ಹೆಸರಿಟ್ಟರೆಂದರು. ಜೋರು ಚಪ್ಪಾಳೆ. ಟೀಚರ್ ಎದ್ದು ನಿಂತರು.

"ಅಲ್ಲ ಸಾರ್. ಅವರ ಭಾಷೆಯೂ ಸಂಸ್ಕೃತವೂ ಒಂದೇ ಹಳೆಯ ಭಾಷೆಯಿಂದ ಕವಲೊಡೆದದ್ದು. ಅದಕ್ಕಿಂತ ಹಿಂದಿನ ಜನ ಇಟ್ಟ ಹೆಸರುಗಳೂ ಅಲ್ಲಿ ಇರಬಹುದು. ಆ ಜನ ಏನು ಮಾತಾಡ್ತಿದ್ರು ಅಂತ ಯಾರಿಗೂ ಗೊತ್ತಿಲ್ಲ."

"ಖಲಾಸ್ ಟೀಚರ್, ಊಟಕ್ಕೆ ಹೊತ್ತಾಯ್ತು," ಎಂದರು ಮುಖಂಡರು. ಟೀಚರ್ ಹೇಳುವುದನ್ನು ಪೂರ್ತಿ ಹೇಳಿಯೇ ಕೂತರು. ಮುಂದಿನ ತಿಂಗಳಿಂದ ಕೂಟದ ಮಕ್ಕಳ ಕ್ವಿಜ್ ಅವರ ಕೈತಪ್ಪಿತು. ಅವರು ಹತ್ತು ವರ್ಷ ಪ್ರೀತಿಯಿಂದ ನಡೆಸಿದ್ದು.

"ಯಾಕೆ ಎದುರು ಹಾಕ್ಕೊಂಡ್ರಿ ಟೀಚರ್?" ಎಂದು ಕೇಳಿದೆ.

"ಮಕ್ಕಳು ಎದುರೇ ಕೂತಿದ್ರಲ್ಲ ಮಾರಾಯ್ತಿ."

ಆ ಚಳಿಗಾಲದಲ್ಲಿ ನಮ್ಮನ್ನು ಉತ್ತರ ತುದಿಯ ಅಲ್ ಶಮಾಲ್ ಕಡೆಗೆ ಕರೆದೊಯ್ದರು. ಕಡಲ ಬದಿಯಲ್ಲಿ ಜನ ಬಿಟ್ಟುಹೋದ ಹಳ್ಳಿ, ಕುಸಿದ ಗೋಡೆಗಳು. ಬಲೆ ಒಣಗಿಸುತ್ತಿದ್ದ ಮುದುಕನನ್ನು ತಮ್ಮ ಮುರುಕು ಅರಬ್ಬಿಯಲ್ಲಿ ಕೇಳಿದರು, ಈ ಊರಿಗೆ ಹೆಸರಿಟ್ಟವರು ಯಾರು ಎಂದು. ನಮ್ಮಜ್ಜನಿಗೂ ತಿಳಿದಿರಲಿಲ್ಲ ಎಂದು ಆತ ನಕ್ಕ. ಹಿಂದಿರುಗುವಾಗ ಕಾರಿನಲ್ಲಿ ಟೀಚರ್ ಅಪ್ಪಣೆ ಕೊಡುವವರಂತೆ ಹೇಳಿದರು: "ನೀನು ಎಂ.ಎ. ಮುಗಿಸು. ನಮ್ಮ ಕರಾವಳಿಯ ಹೊಳೆಗಳ ಹೆಸರು ಹುಡುಕು. ನಿನ್ನಿಂದ ಆಗ್ತದೆ."

ಆಯಿತು. ಊರಿಗೆ ಮರಳಿ ಎಂ.ಎ. ಮುಗಿಸಿದೆ, ಹೊಳೆಗಳ ಹೆಸರಿನ ಬಗ್ಗೆಯೇ ಪ್ರಬಂಧ ಬರೆದೆ. ಅದರ ಪ್ರತಿ ತಲುಪುವಾಗ ಟೀಚರ್ ಮಂಗಳೂರಿನ ಆಸ್ಪತ್ರೆಯಲ್ಲಿದ್ದರು, ಕಣ್ಣು ಮಂಜಾಗಿತ್ತು. ಮಗಳು ಓದಿ ಹೇಳುತ್ತಿದ್ದಳಂತೆ. ಎರಡನೇ ಪುಟದಲ್ಲಿ, ಒಂದು ಹೊಳೆಯ ಹೆಸರು ಸಂಸ್ಕೃತದ್ದೇ ಎಂದು ನಾನು ಖಚಿತವಾಗಿ ಬರೆದಿದ್ದ ಸಾಲಿನಲ್ಲೇ ತಡೆದು, "ಇದು ತಪ್ಪು, ಅವಳಿಗೆ ಫೋನ್ ಮಾಡು," ಎಂದರಂತೆ.

ಅವರು ತೀರಿಕೊಂಡ ಸುದ್ದಿ ಬರುವ ಮೊದಲೇ ನಾನು ಆ ಸಾಲನ್ನು ತಿದ್ದಿದ್ದೆ.