ನಾಲ್ಕು ಸಲ ತಿಕ್ಕಿದ ನೆಲ

ಊರಲ್ಲಿ ಯಾರ ಮನೆಗೆ ಹೊಸದೇನು ಬಂದರೂ ಸರಸಂಬಾದ ಬಸವಂತರಾಯನ ಗಂಟಲಲ್ಲಿ ರೊಟ್ಟಿ ಇಳಿಯುವುದಿಲ್ಲ. ಪಕ್ಕದ ದೇವೀಂದ್ರಪ್ಪ ಟ್ರ್ಯಾಕ್ಟರ್ ಶೆಡ್ಡಿಗೆ ಕೆಂಪು ಸಿಮೆಂಟಿನ ನೆಲ ಹಾಕಿಸಿದಾಗಿನಿಂದ ದಿನವೂ ಹೋಗಿ, ಚಪ್ಪಲಿ ಬಿಟ್ಟು, ಅಂಗಾಲಿನಿಂದ ಅದರ ನುಣುಪು ನೋಡಿ ಬರುತ್ತಿದ್ದ. ಕೊನೆಗೆ ತನ್ನ ಎತ್ತಿನ ಕೊಟ್ಟಿಗೆಗೂ ಅಂಥದೇ ನೆಲ ಹಾಕಿಸಲು, ಗಾರೆ ಕೆಲಸದ ಅದೇ ಗೌಂಡಿಯನ್ನು ಕರೆಸಿದ. "ಲಾಡ್ಲೇಸಾಬ, ಅವರದು ಎಷ್ಟು ಸಲ ತಿಕ್ಕೀದಿ?" "ಮೂರು ಸಲರಿ." "ನಂದು ನಾಕು ಸಲ ತಿಕ್ಕು. ಅದರಾಗ ನನ್ನ ಮಾರಿ ಕಾಣಬೇಕು!" "ಎತ್ತಿನ ಕೊಟ್ಟಿಗಿಗ್ಯಾಕ್ರಿ ಇಷ್ಟು ನುಣುಪು?" ಬಸವಂತರಾಯ ಕೇಳಲಿಲ್ಲ. ನೆಲ ಕನ್ನಡಿಯಾಯಿತು, ಮೊದಲ ದಿನವೇ ಮುದಿ ಎತ್ತು ಜಾರಿ ಬಿತ್ತು. ಬಸವಂತರಾಯ ಓಡಿಹೋಗಿ ಮನೆಮಂದಿ ಹೊದೆಯುವ ಕೌದಿಗಳನ್ನೆಲ್ಲ ತಂದು ನೆಲದ ತುಂಬ ಹಾಸಿದ. ಸಂಜೆ ದೇವೀಂದ್ರಪ್ಪ ಬಂದ: "ನಮ್ಮದಕ್ಕಿಂತ ಛಲೋ ಆಗ್ಯಾದಂತಲ್ಲೋ. ಕೌದಿ ಸರಸು, ನೋಡೂಣು." ಈ ಮಾತು ಕೇಳಲೆಂದೇ ನೆಲ ಹಾಕಿಸಿದ್ದ ಬಸವಂತರಾಯ, ಎತ್ತಿನ ಬೆನ್ನು ಸವರುತ್ತ ಮೆಲ್ಲಗೆ ಹೇಳಿದ: "ಈಗಷ್ಟ ಮಲಗ್ಯಾದ. ಎಬ್ಬಿಸಬ್ಯಾಡ."