ಮೈದಾನಕ್ಕೆ ಬೆನ್ನು ಹಾಕಿ ನಿಂತ ದೂಜ

ಜಗತ್ತಿನಲ್ಲಿ ಯಾವ ಯುದ್ಧ ಯಾಕೆ ಆಯಿತು ಎಂದು ತಿಳಿಯಲು ಪತ್ರಿಕೆ ಓದಬೇಕಾಗಿಲ್ಲ. ವಿಲೆ ಪಾರ್ಲೆಯ ನಮ್ಮ ಹೊಟೇಲಿಗೆ ಬಂದು ಒಂದು ಚಾ ಕುಡಿದರೆ ಸಾಕು. ಚಾ ತಂದಿಡುವ ದೂಜ ಎಲ್ಲವನ್ನೂ ಹೇಳುತ್ತಾನೆ, ಕೇಳದಿದ್ದರೂ ಹೇಳುತ್ತಾನೆ. ಗಲ್ಲೆಯಲ್ಲಿ ಕೂತು ಚಿಲ್ಲರೆ ಎಣಿಸುವ ನಾನು ಇದನ್ನೆಲ್ಲ ಎಷ್ಟು ವರ್ಷದಿಂದ ಕೇಳುತ್ತಿದ್ದೇನೆಂದರೆ, ನನ್ನ ತಲೆಯಲ್ಲಿದ್ದ ನಿಜವಾದ ಚರಿತ್ರೆಯೂ ಅಳಿಸಿಹೋಗಿದೆ.

ಸಾವಿರದ ಒಂಬೈನೂರ ಹನ್ನೊಂದರಲ್ಲಿ ಬರಿಗಾಲಿನ ಬಂಗಾಳಿ ಹುಡುಗರು ಗೋರಾ ಪಲ್ಟನ್ನನ್ನು ಫುಟ್‌ಬಾಲಿನಲ್ಲಿ ಸೋಲಿಸಿದರಂತೆ. ಅದೇ ವರ್ಷ ಬ್ರಿಟಿಷರು ರಾಜಧಾನಿಯನ್ನು ಕಲ್ಕತ್ತದಿಂದ ದಿಲ್ಲಿಗೆ ಒಯ್ಯುವುದಾಗಿ ಸಾರಿದರು. “ಸೋತ ಊರಲ್ಲಿ ಯಾವ ಮುಖ ಇಟ್ಕೊಂಡು ಕೂತ್ಕೊಳ್ಳುವುದು?” ಎಂದು ದೂಜ ಕೇಳುತ್ತಾನೆ. ಚರಿತ್ರೆಯ ಮಾಸ್ತರರು ಬೇರೆ ಕಾರಣ ಹೇಳುತ್ತಾರಲ್ಲ ಎಂದರೆ, “ಮಾಸ್ತರರು ಚೆಂಡು ಆಡಿದ್ದಾರಾ?” ಎನ್ನುತ್ತಾನೆ. ಇವನೂ ಆಡಿಲ್ಲ. ವಿಶ್ವಸಂಸ್ಥೆ ಎಂದರೆ ಸೀಟಿ ಇಲ್ಲದ ರೆಫರಿ ಎನ್ನುವುದು ಅವನ ಇನ್ನೊಂದು ಮಾತು. ಎಲ್ಲೋ ಬಾಂಬು ಬಿದ್ದು ನಮ್ಮ ಅಡುಗೆಮನೆಯ ಸಿಲಿಂಡರಿನ ರೇಟು ಏರಿದ ದಿನ ಆ ಮಾತು ನನಗೂ ಸರಿಯೆನಿಸಿತ್ತು.

ದೂಜ ಕಾರ್ಕಳದ ಕಡೆಯವನು. ಮೀಸೆ ಮೂಡುವ ಮೊದಲೇ ಪರೇಲಿನ ಒಂದು ಹೊಟೇಲಿಗೆ ಬಂದು ಮಿಲ್ಲಿನ ಗೇಟಿಗೆ ಚಾ ಒಯ್ಯುತ್ತಿದ್ದ. ಎಂಬತ್ತಾರರ ವಿಶ್ವಕಪ್ಪಿನಲ್ಲಿ ಅರ್ಜೆಂಟೀನಾ ಇಂಗ್ಲೆಂಡನ್ನು ಸೋಲಿಸಿದ್ದನ್ನು ಧಣಿಗಳ ಮನೆಯ ಟಿವಿಯಲ್ಲಿ ಬಾಗಿಲ ಬಳಿ ನಿಂತು ನೋಡಿದ. ಆ ಎರಡು ದೇಶಗಳ ನಡುವೆ ದ್ವೀಪಕ್ಕಾಗಿ ಯುದ್ಧವಾಗಿ ಅರ್ಜೆಂಟೀನಾ ಸೋತಿತ್ತೆಂದು ಯಾರೋ ಹೇಳಿದರು. ಯುದ್ಧದಲ್ಲಿ ಸೋತವನು ಮೈದಾನದಲ್ಲಿ ಗೆಲ್ಲಬಹುದು ಎನ್ನುವುದು ತಲೆಗೆ ಹೊಕ್ಕಿದ್ದು ಅಲ್ಲಿಯೇ. ಹೊಕ್ಕಿದ್ದು ಹೊರಗೆ ಬರಲೇ ಇಲ್ಲ.

ಅವನಿಗೆ ದೇವರು ಕೊಟ್ಟ ಆಸ್ತಿ ಎಂದರೆ ಗಂಟಲು. ಮೊದಲೆಲ್ಲ ಅಡುಗೆಮನೆಯ ಬಾಗಿಲಲ್ಲಿ ನಿಂತು “ಎರಡು ಮಸಾಲಾ, ಒಂದು ಸಾದಾ ಕಡಕ್, ಮೂರು ಬನ್ಸ್” ಎಂದು ಕೂಗಿದರೆ ಭಟ್ಟಿಯ ಮುಂದಿನವರಿಗೆ ಮತ್ತೆ ಕೇಳುವ ಅಗತ್ಯ ಬೀಳುತ್ತಿರಲಿಲ್ಲ. ಈಗ ಸಪ್ಲಾಯರುಗಳ ಕೈಯಲ್ಲಿ ಟ್ಯಾಬ್ ಬಂದಿದೆ. ಬೆರಳು ಒತ್ತಿದರೆ ಒಳಗೆ ಚೀಟಿ ಬೀಳುತ್ತದೆ. ಹೊಟೇಲಿನಲ್ಲಿ ಗಂಟಲಿಗೆ ಕೆಲಸ ಇಲ್ಲದಾದ ಮೇಲೆ ದೂಜನಿಗೆ ಉಳಿದ ಜಾಗ ಅಂಧೇರಿಯ ಫುಟ್‌ಬಾಲ್ ಮೈದಾನದ ಗ್ಯಾಲರಿ ಒಂದೇ.

ಅಲ್ಲಿ ನಮ್ಮ ಮುಂಬಯಿ ತಂಡದ ಅಭಿಮಾನಿಗಳ ಗುಂಪೊಂದಿದೆ. ಗುಂಪಿನ ಲೆಕ್ಕಾಚಾರ, ವಾಟ್ಸ್ಯಾಪು ಎಲ್ಲ ನೋಡುವವಳು ಲಾವಣ್ಯಾ ಎಂಬ ಕಾಲೇಜು ಹುಡುಗಿ. ಘೋಷಣೆ ಕೂಗಿಸುವವನು ದೂಜ. ಕೂಗಿಸುವವನು ಎದುರಿನ ಕಂಬಿಯ ಮೇಲೆ ನಿಲ್ಲಬೇಕು, ಮುಖ ಜನರ ಕಡೆಗೆ, ಬೆನ್ನು ಮೈದಾನಕ್ಕೆ. ಅಂದರೆ ಇಷ್ಟು ವರ್ಷ ಟಿಕೆಟು ತೆತ್ತು ಹೋದ ದೂಜ ಒಂದು ಗೋಲನ್ನೂ ಕಣ್ಣಾರೆ ಕಂಡಿಲ್ಲ! ಎದುರಿನ ಮುಖಗಳನ್ನು ನೋಡಿ ಗೋಲು ಯಾರದ್ದೆಂದು ತಿಳಿಯುತ್ತಾನೆ. ಎದುರಾಳಿ ತಂಡದಲ್ಲಿ ಇಂಗ್ಲೆಂಡಿನ ಆಟಗಾರನಿದ್ದರೆ ಅವನ ಕಾಲಿಗೆ ಚೆಂಡು ಸಿಕ್ಕಿತೆಂದು ಲಾವಣ್ಯಾ ಸನ್ನೆ ಮಾಡಿದಾಗಲೆಲ್ಲ “ಕೋಹಿನೂರ್ ವಾಪಸ್ ಕರೋ!” ಎಂದು ಕೂಗಿಸುವುದು ಅವನದೇ ಸೃಷ್ಟಿ. ಇಡೀ ಗ್ಯಾಲರಿ ಕೂಗುತ್ತಿತ್ತು. ಭಾನುವಾರದ ಗಿರಾಕಿಗಳನ್ನು ಬಿಟ್ಟು ಹೋಗಲಾಗದ ನನಗೆ, ಅವನ ವಾರದ ರಜೆ ಕಂಡು ಹೊಟ್ಟೆ ಉರಿಯುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆದರೆ ನನ್ನ ಉರಿ ಏನು ಮಹಾ! ಉರಿ ಎಂದರೆ ಏನೆಂದು ದೂಜ ತೋರಿಸಿಕೊಟ್ಟ.

ನಮ್ಮ ಅಡುಗೆಮನೆಯ ಟೈಲ್ಸ್ ಬದಲಿಸಲು ಯಲ್ಲಾಲಿಂಗ ಎನ್ನುವವನು ಬಂದಿದ್ದ. ಅಫಜಲಪುರದ ಕಡೆಯವನು, ಗೋರೆಗಾಂವ್‌ನ ಚಾಳಿನಲ್ಲಿ ಹೆಂಡತಿಯೊಂದಿಗೆ ಇರುವವನು. ಊರಲ್ಲಿ ಗೀಗೀ ಮೇಳದಲ್ಲಿ ಹಾಡುತ್ತಿದ್ದನಂತೆ. ಒಂದು ಮೇಳ ಹಾಡಿನಲ್ಲೇ ಪ್ರಶ್ನೆ ಹಾಕುವುದು, ಇನ್ನೊಂದು ಮೇಳ ಹಾಡಿನಲ್ಲೇ ಉತ್ತರ ಕೊಡುವುದು, ಹೀಗೆ ಬೆಳಗಿನ ತನಕ. ಕಲಸಿದ ಸಿಮೆಂಟು ಒಣಗುವ ಮೊದಲು ಟೈಲ್ಸ್ ಕೂರಿಸುತ್ತಾ ಅವನು ಹಾಡುವುದನ್ನು ಕೇಳಿ ದೂಜನೇ ಅವನನ್ನು ಮ್ಯಾಚಿಗೆ ಕರೆದುಕೊಂಡು ಹೋದ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗೆ.

ಮೊದಲ ಆಟದಲ್ಲಿ ಯಲ್ಲಾಲಿಂಗ ಸುಮ್ಮನಿದ್ದ. ಎರಡನೆಯದರಲ್ಲಿ ಎದುರಾಳಿಗಳ ಕೂಗಿಗೆ ಕೂತಲ್ಲಿಂದಲೇ ಹಿಂದಿಯಲ್ಲಿ ಒಂದು ಜವಾಬು ಕಟ್ಟಿ ಹಾಡಿದ. ಅದೂ ಗೀಗೀ ಧಾಟಿಯಲ್ಲಿ. ಗ್ಯಾಲರಿ ಬಿದ್ದು ಬಿದ್ದು ನಕ್ಕಿತು, ಮತ್ತೆ ಹಾಡೆಂದಿತು. ಕೆಲವೇ ವಾರಗಳಲ್ಲಿ ಲಾವಣ್ಯಾ ಮೆತ್ತಗೆ ಹೇಳಿದಳು: “ದೂಜ ಅಂಕಲ್, ಸೆಕೆಂಡ್ ಹಾಫ್ ಯಲ್ಲಾಲಿಂಗ್ ಭಯ್ಯಾ ಮೇಲೆ ನಿಲ್ಲಲಿ ನಾ? ನೀವು ಸ್ವಲ್ಪ ರೆಸ್ಟ್.”

ರೆಸ್ಟ್ ಎನ್ನುವ ಆ ಶಬ್ದ ದೂಜನ ಎದೆಯಲ್ಲಿ ಮುಳ್ಳಾಗಿ ಕೂತಿತು. ಮನೆಯಲ್ಲಿ ಕರಿಮೆಣಸಿನ ಕಷಾಯ ಕುಡಿಯಲು ಶುರುಮಾಡಿದ. “ನನ್ನ ಸ್ವರ ಇಳಿದದ್ದುಂಟಾ?” ಎಂದು ಹೆಂಡತಿ ವಸಂತಿಯನ್ನು ದಿನಾ ಕೇಳುತ್ತಿದ್ದನಂತೆ. “ಇಳಿದಿದ್ದರೆ ನಾನು ದೇವರಿಗೆ ಹೂ ಕೊಡ್ತಿದ್ದೆ” ಎಂದು ಅವಳು ನನ್ನ ಹತ್ತಿರ ಹೇಳಿದಳು.

ಅವನ ಲೋಕಜ್ಞಾನವೂ ಬದಲಾಯಿತು. ಯುರೋಪಿಗೆ ದೋಣಿಯಲ್ಲಿ ಬರುವವರ ಪರವಾಗಿ ಮಾತಾಡುತ್ತಿದ್ದ ದೂಜ, “ಹೊರಗಿನವರನ್ನು ಒಳಗೆ ಬಿಟ್ಟರೆ ನಾಳೆ ನಮ್ಮ ಜಾಗಕ್ಕೇ ಬಂದು ಕೂತ್ಕೊಳ್ತಾರೆ” ಎನ್ನತೊಡಗಿದ.

“ನಾವು ಯಾವ ಊರಿನವರು ಮಾರಾಯ? ಪಾರ್ಲೆಯಲ್ಲಿ ಹುಟ್ಟಿದ್ದಾ?” ಎಂದೆ.

“ನಮ್ಮದು ಬೇರೆ” ಎಂದ. ಜಗತ್ತಿನ ಎಲ್ಲರದ್ದೂ ಬೇರೆಯೇ.

ಬೆಂಗಳೂರಿನ ತಂಡ ಬರುವ ಹಿಂದಿನ ದಿನ ಯಲ್ಲಾಲಿಂಗ ಹೊಟೇಲಿಗೆ ಬಂದಿದ್ದ. ಮಾತಿಗೆ ಮಾತು ಬಂದು ದೂಜನಿಗೆ ತಮ್ಮ ಮೇಳದ ರೀತಿ ಹೇಳಿದ. “ಎದುರಿನ ಮ್ಯಾಳದವ್ರು ಚಲೋ ಜವಾಬ್ ಕೊಟ್ರ ನಾವೇ ಎದ್ದು ಹೋಗಿ ಆಯೇರಿ ಮಾಡ್ತೀವ್ರಿ ಯಣ್ಣಾ. ಹತ್ತೋ ಇಪ್ಪತ್ತೋ, ಕೈಯಾಗ ಕೊಟ್ಟು ಕೈ ಮುಗಿಯೋದು. ಹಂಗ ಮಾಡಲಿಲ್ಲಂದ್ರ ಇಂವ ಹಾಡಾಕ ಲಾಯಕ್ಕಿಲ್ಲ ಅಂತಾರ.”

“ಸೋಲಿಸಿದವರಿಗೆ ನಾವೇ ಕೊಡುವುದಾ? ಚೆಂದ ಉಂಟು!” ಎಂದು ದೂಜ ಲೋಟ ಎತ್ತಿಕೊಂಡು ಹೋದ. ಮಾತು ಕಿವಿಗೆ ಬಿದ್ದಿತ್ತು, ಚೆನ್ನಾಗಿಯೇ ಬಿದ್ದಿತ್ತು.

ಮರುದಿನ ಆದದ್ದನ್ನು ನಾನು ಕಂಡಿಲ್ಲ. ಲಾವಣ್ಯಾ ಹೇಳಿದ್ದು, ಮೊಬೈಲಿನಲ್ಲಿ ಹರಿದಾಡಿದ್ದು, ಕಡೆಗೆ ದೂಜ ಬಾಯಿಬಿಟ್ಟದ್ದು, ಎಲ್ಲ ಸೇರಿಸಿ ಹೇಳುತ್ತಿದ್ದೇನೆ.

ಬೆಂಗಳೂರಿನ ಅಭಿಮಾನಿಗಳನ್ನು ಪಕ್ಕದ ಗ್ಯಾಲರಿಯಲ್ಲಿ ಕೂರಿಸಿದ್ದರು. ನಡುವೆ ಖಾಲಿ ಬಿಟ್ಟ ಜಾಗ, ಅದರಾಚೆ ಬೇಲಿ. ಅವರನ್ನು ಕೂಗಿಸುತ್ತಿದ್ದವಳು ಶ್ರಾವ್ಯಾ ಎಂಬ ಹುಡುಗಿ. ಅವಳು ಕನ್ನಡದಲ್ಲೇ ಶುರುಮಾಡಿದಳು:

“ಸಮುದ್ರ ಇದ್ರೂ ಕುಡಿಯೋಕಾಗಲ್ಲ, ಮೈದಾನ ಇದ್ರೂ ಗೋಲೇ ಇಲ್ಲ!”

ಕಂಬಿಯ ಮೇಲಿದ್ದ ದೂಜ “ಕೋಹಿನೂರ್” ಎಂದು ಎತ್ತಿದ. ಬೆಂಗಳೂರಿನವರ ಹತ್ತಿರ ಕೋಹಿನೂರ್ ಎಲ್ಲಿಂದ ಬರಬೇಕು? ಯಾರೂ ದನಿಗೂಡಿಸಲಿಲ್ಲ. ಅಷ್ಟರಲ್ಲಿ ಯಲ್ಲಾಲಿಂಗ ಎದ್ದು ನಿಂತ:

“ಕೆರೆಯೆಲ್ಲ ಮುಚ್ಚಿ ಮನೆ ಕಟ್ಟೀರಿ, ನಮ್ ಸಮುದ್ರ ನೋಡಿ ಯಾಕ್ ಉರೀತೀರಿ?”

ಅರ್ಥವಾಗದವರೂ ಚಪ್ಪಾಳೆ ತಟ್ಟಿದರು. ಬೆಂಗಳೂರಿನವರೇ ನಕ್ಕರು. ಲಾವಣ್ಯಾ ದೂಜನ ಪ್ಯಾಂಟು ಜಗ್ಗಿ “ಅಂಕಲ್, ಕೆಳಗೆ ಬನ್ನಿ” ಎಂದಳು. ಅವನು ಇಳಿದ. ಯಲ್ಲಾಲಿಂಗ ಹತ್ತಿದ. ಶ್ರಾವ್ಯಾ ಬಿಡುವವಳಲ್ಲ:

“ಉರಿಯೋದಲ್ಲಣ್ಣ, ಉಪ್ಪು ಕೇಳ್ತೀವಿ, ಸೋತ ಮೇಲೆ ನಿಮ್ ಗಾಯಕ್ ಹಾಕ್ತೀವಿ!”

ಯಲ್ಲಾಲಿಂಗ “ಆಹಾ!” ಎಂದನಂತೆ. ಕಂಬಿಯಿಂದ ಹಾರಿ, ಖಾಲಿ ಜಾಗ ದಾಟಿ, ಬೇಲಿ ಹತ್ತಿ, ಕಿಸೆಯಿಂದ ಹತ್ತರ ನೋಟು ತೆಗೆದು ಆ ಹುಡುಗಿಯ ಮುಂದೆ ಹಿಡಿದ.

ಅಫಜಲಪುರದಲ್ಲಿ ಅದು ಮರ್ಯಾದೆ. ಮುಂಬಯಿಯಲ್ಲಿ ಹಾಡುವ ಹೆಣ್ಣಿನ ಮುಂದೆ ನೋಟು ಹಿಡಿದರೆ ಅದರ ಅರ್ಥ ಏನೆಂದು, ಡ್ಯಾನ್ಸ್ ಬಾರಿನ ಹೆಸರು ಕೇಳಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನ ಹುಡುಗರು ಅವನ ಕಾಲರ್ ಹಿಡಿದರು. ಅಂಗಿ ಹರಿಯಿತು. ನಮ್ಮವರು ಬೇಲಿಗೆ ಏರಿದರು, ಬಾಟಲಿಗಳು ಹಾರಿದವು. ಪೊಲೀಸರು ಬಂದು ಅವನನ್ನು ಎಳೆದುಕೊಂಡು ಬಂದರು. “ಸಾಬ್, ಆಯೇರಿ ದಿಯಾ, ಆಯೇರಿ” ಎಂದು ಅವನು ಕೈಮುಗಿಯುತ್ತಿದ್ದ. “ಆಹೇರ್? ಇಥೇ ಲಗ್ನ ಆಹೇ ಕಾ?” ಎಂದು ಹವಾಲ್ದಾರ ಗದರಿದ. ಇಲ್ಲೇನು ಮದುವೆಯೋ ಉಡುಗೊರೆ ಕೊಡಲು, ಎಂದು.

ಆಮೇಲೆ ಆ ಹವಾಲ್ದಾರ ನಮ್ಮ ಗ್ಯಾಲರಿಯ ಕಡೆ ತಿರುಗಿ ದೂಜನನ್ನೇ ಕೇಳಿದ: “ಯೇ ತುಮ್ಹಾರಾ ಆದ್ಮೀ ಹೈ ಕ್ಯಾ?” ಇವನು ನಿಮ್ಮವನೋ, ಎಂದು.

ಅಲ್ಲಿದ್ದವರಲ್ಲಿ ಆಯೇರಿ ಎಂದರೇನೆಂದು ಗೊತ್ತಿದ್ದವನು ಇವನೊಬ್ಬನೇ. ಗ್ಯಾಲರಿಯನ್ನೇ ನಡುಗಿಸುವ ಗಂಟಲೂ ಇವನದೇ. ದೂಜ ಮೆಲ್ಲಗೆ ಹೇಳಿದ:

“ಆತಾ ಹೈ ಕಭೀ ಕಭೀ.”

ಯಾವಾಗಲಾದರೊಮ್ಮೆ ಬರುತ್ತಾನೆ. ಅಷ್ಟೇ.

ಯಲ್ಲಾಲಿಂಗನನ್ನು ಚೌಕಿಯಲ್ಲಿ ಕೂರಿಸಿ ಬರೆಸಿಕೊಂಡು ಬಿಟ್ಟರು. ಮೈದಾನಕ್ಕೆ ಇನ್ನು ಬರಕೂಡದು ಎಂದರು. ಲಾವಣ್ಯಾ ಅವನನ್ನು ಗುಂಪಿನಿಂದ ತೆಗೆದುಹಾಕಿದಳು. ಕಂಬಿ ಮತ್ತೆ ದೂಜನದಾಯಿತು.

ಮುಂದಿನ ಆಟದ ದಿನ ಹೊಸ ಅಂಗಿ ತೊಟ್ಟು ಹೋದ. ವಾಪಸು ಬಂದವನು ಗಲ್ಲೆಯ ಪಕ್ಕದ ಸ್ಟೂಲಿನಲ್ಲಿ ಕುಕ್ಕರಿಸಿದ. ಕೂಗಿಸಿದರೆ ಜನ ಬಾಯಿ ಆಡಿಸಿದರಂತೆ, ಕಣ್ಣು ಮಾತ್ರ ಅವನ ತಲೆಯ ಮೇಲಿಂದ ಆಟದ ಕಡೆಗೆ. ಎದುರಾಳಿಗಳು ಸವಾಲು ಎಸೆದಾಗ ಇಡೀ ಗ್ಯಾಲರಿ ಯಾರೋ ಏಳುತ್ತಾರೆ ಎನ್ನುವಂತೆ ಆಚೀಚೆ ನೋಡಿತು. “ಅವನು ಇಲ್ಲದಿದ್ದರೂ ಅವನನ್ನೇ ಹುಡುಕ್ತಾರೆ ಧನರಾಜ. ನನ್ನ ಮುಖ ಎಂತ ಕಲ್ಲಾ?” ಎಂದ. ಅದೇ ಹೊತ್ತಿಗೆ ಮಿಕ್ಕದ್ದೂ ಹೊರಬಿತ್ತು. ಆಯೇರಿಯ ಮಾತು, ಹವಾಲ್ದಾರ ಕೇಳಿದ್ದು, ತಾನು ಹೇಳಿದ್ದು.

ನನಗೆ ಮೈ ಉರಿಯಿತು. “ಊರಿಗೆಲ್ಲ ಕೇಳುವ ಬಾಯಿ ಉಂಟಲ್ಲ, ಬೇಕಾದಾಗ ಎಲ್ಲಿ ಅಡವಿಟ್ಟಿದ್ದಿ? ಹೊರಡು ಗೋರೆಗಾಂವ್‌ಗೆ” ಎಂದೆ. ಅವನು ಬರುವುದಿಲ್ಲ ಎನ್ನಲಿಲ್ಲ.

ಚಾಳಿನಲ್ಲಿ ಯಲ್ಲಾಲಿಂಗನ ಖೋಲಿ ಯಾವುದೆಂದು ಕೇಳಿದರೆ ನಲ್ಲಿಯ ಬಳಿಯ ಹೆಂಗಸೊಬ್ಬಳು “ನೋಟ್‌ವಾಲಾ?” ಎಂದು ಬೆರಳು ತೋರಿಸಿದಳು. ದೂಜ ನೆಲ ನೋಡಿದ. ಬಾಗಿಲಲ್ಲಿ ಯಲ್ಲಾಲಿಂಗನ ಹೆಂಡತಿ ದಾನೇಶ್ವರಿ ನಿಂತಿದ್ದಳು.

“ಬರ್ರಿ, ಕೂಡ್ರಿ. ಇವ್ರಿಗಿ ಚೌಕ್ಯಾಗ ಕೂಡಿಸಿದಾಗ ಎಲ್ಲಿ ಹೋಗಿದ್ರಿ? ನಳದ ಹಂತೇಲಿ ನಾ ಹೋದ್ರ ಒಬ್ಬಾಕಿ ಮಾತಾಡಂಗಿಲ್ಲ” ಎಂದಳು. ಹಾಗೆಂದು ನೀರೂ ಬೆಲ್ಲವೂ ತಂದಿಟ್ಟಳು.

ದೂಜ ಬೆಲ್ಲ ಮುಟ್ಟಲಿಲ್ಲ. “ಯಲ್ಲಾಲಿಂಗ, ಆಯೇರಿ ಅಂದ್ರೆ ಎಂತ ಅಂತ ನಂಗೆ ಗೊತ್ತಿತ್ತು. ನೀನೇ ಹೇಳಿದ್ದಿ. ಪೊಲೀಸ್ ಕೇಳಿದಾಗ ನಾನು ಹೇಳಲಿಲ್ಲ. ನಂಗೆ ಹೊಟ್ಟೆಕಿಚ್ಚು ಮಾರಾಯ. ನೀನು ಮೇಲೆ ನಿಂತ್ಕೊಂಡ್ರೆ ನಂಗೆ ಉಸಿರು ಕಟ್ಟುತ್ತಿತ್ತು.”

ನಾನು ಯಲ್ಲಾಲಿಂಗನ ಕೈಯನ್ನೇ ನೋಡುತ್ತಿದ್ದೆ. ಕಪಾಳಕ್ಕೆ ಒಂದು ಬಿದ್ದರೆ ನಡುವೆ ಹೋಗುವುದೋ ಬೇಡವೋ ಎಂದು ಯೋಚಿಸುತ್ತಿದ್ದೆ. ಬೇಡ ಎಂದೇ ನಿರ್ಧರಿಸಿದ್ದೆ.

ಯಲ್ಲಾಲಿಂಗ ಬೆಲ್ಲವನ್ನು ದೂಜನ ಕಡೆಗೆ ಸರಿಸಿದ. “ಹೊಟ್ಟಿಕಿಚ್ಚು ನಂಗ ಗೊತ್ತಿತ್ರಿ ಯಣ್ಣಾ. ನಮ್ ಕಡಿ ಹಾಡಾಂವ ಜನರ ಚಪ್ಪಾಳಿ ನಂಬಂಗಿಲ್ಲ. ಎದುರಿಗಿ ಹಾಡ ಬಲ್ಲಾಂವ ಕುಂತಿರ್ತಾನಲ್ಲ, ಅವನ ಮಾರಿ ನೋಡ್ತಾನ. ಅದು ಕರ್ರಗ ಆತಂದ್ರ ಹಾಡು ಚಲೋ ಆತು ಅಂತ. ನಾ ದಿನಾ ನಿಮ್ ಮಾರಿನೇ ನೋಡಿ ಹಾಡ್ತಿದ್ದೆ” ಎಂದ. ಮತ್ತೆ ತಡೆದು, “ಖರೇ ಹೇಳಬೇಕಂದ್ರ, ಪೊಲೀಸ್‌ರಿಗಿ ನೀವು ಹೇಳ್ತೀರಿ ಅಂತ ಕಾದಿದ್ದೆ. ಅದೊಂದು ಬ್ಯಾಸರ ಆತು. ಇರ್ಲಿ, ಬೆಲ್ಲ ತಗೋರಿ” ಎಂದ.

ದೂಜ ಅಲ್ಲಿಯೇ ಮೊಬೈಲು ತೆಗೆದು ಲಾವಣ್ಯಾಳಿಗೆ ಫೋನು ಮಾಡಿದ. ಸ್ಪೀಕರ್ ಹಾಕಿ, ಬಾಗಿಲ ಕಡೆ ತಿರುಗಿ, ಆಯೇರಿಯ ಸಂಗತಿಯನ್ನು ಮೊದಲಿಂದ ಕೊನೆಯ ತನಕ ಹಿಂದಿಯಲ್ಲಿ ಹೇಳಿದ. ಎರಡು ಮಸಾಲಾ ಒಂದು ಕಡಕ್ ಎಂದು ಕೂಗುತ್ತಿದ್ದ ಕಾಲದ ಗಂಟಲು. ನಲ್ಲಿಯ ಬಳಿ ಇದ್ದ ಹೆಂಗಸರು ಕೊಡ ಕೆಳಗಿಟ್ಟು ಕೇಳಿದರು. ದಾನೇಶ್ವರಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆ ಕಡೆಯಿಂದ ಲಾವಣ್ಯಾ, “ಅಂಕಲ್, ನಿಮಗೆ ಗೊತ್ತಿತ್ತು? ಉಸ್ ದಿನ್ ಭೀ?” ಎಂದಳು.

“ಗೊತ್ತಿತ್ತು.”

ಫೋನು ಕಟ್ಟಾಯಿತು. ಇನ್ನು ಆ ಕಂಬಿ ದೂಜನದಲ್ಲವೆಂದು ಅಲ್ಲಿದ್ದ ನಮಗೆಲ್ಲ ತಿಳಿಯಿತು.

ನಾವಿಬ್ಬರೂ ಸ್ಟೇಷನ್ನಿಗೆ ಬಂದೆವು. ಚರ್ಚ್‌ಗೇಟ್ ಲೋಕಲ್ ಬಂದು ಬಾಗಿಲ ಬಳಿ ಇಬ್ಬರಿಗೂ ಕಾಲಿಡಲು ಜಾಗ ಸಿಕ್ಕಿತು. ಜೋಗೇಶ್ವರಿ ದಾಟಿದ ಮೇಲೆ ಅವನು ನನ್ನ ತೋಳು ಹಿಡಿದ.

“ಅವನಿಗೆ ನನ್ನ ಮೇಲೆ ಸಿಟ್ಟೇ ಬರಲಿಲ್ಲ, ನೋಡಿದೆಯಾ? ಬೆಲ್ಲ ತಗೋ ಅಂದ. ಅವನ ಜಾಗದಲ್ಲಿ ನಾನಿದ್ದರೆ ಬಾಗಿಲೇ ತೆಗೀತಿರಲಿಲ್ಲ. ಹಾಡು ಬಿಡು, ಹಾಡು ಕಲೀಬಹುದು. ಇದು ಹೇಗೆ ಬರ್ತದೆ ಧನರಾಜ ಒಬ್ಬನಿಗೆ? ಅವನಿಗೇ ಯಾಕೆ ಬಂತು?”

ಯಲ್ಲಾಲಿಂಗ ನೋಡಿ ಹಾಡುತ್ತಿದ್ದ ಆ ಮುಖವನ್ನು ನಾನೂ ನೋಡಿದೆ. ಕಂಬಿ ಕಳೆದುಕೊಂಡಾಗಲೂ ಅದು ಇಷ್ಟು ಕಪ್ಪಾಗಿರಲಿಲ್ಲ.